ಜಯಪ್ರಕಾಶರ ಬೆನ್ನು ಮತ್ತು ಸವಾರಿಯ ಸುಖ

ಜಪಾನಿನ ನಗೋಯಾದ ಕಾರು ಉದ್ಯಮದಲ್ಲಿ ದುಡಿದ ಕನ್ನಡಿಗ ಎಂಜಿನಿಯರುಗಳ ಪೈಕಿ ಶ್ರೀ ಜಯಪ್ರಕಾಶರದು ವಿಶಿಷ್ಟ ಸ್ಥಾನ. ಉಳಿದವರು ತಲೆಯಿಂದ ಹೆಸರು ಗಳಿಸಿದರೆ ಅವರು ಬೆನ್ನಿನಿಂದ ಗಳಿಸಿದರು. ಶಾಕ್ ಅಬ್ಸಾರ್ಬರ್ ತಯಾರಿಸುವ ಕಂಪನಿಯ ಪರೀಕ್ಷಾ ಕಾರಿನಲ್ಲಿ ಕಣ್ಣು ಮುಚ್ಚಿ ಕುಳಿತು, ಉಬ್ಬುತಗ್ಗು ದಾಟಿದೊಡನೆ ಅವರು 'ಬೇಡ' ಎಂದರೆ ಅಳತೆಯ ಯಂತ್ರಗಳೂ ಬಾಯಿ ಮುಚ್ಚಿಕೊಳ್ಳಬೇಕು.

ಕೊರೊನಾದಿಂದಾಗಿ ವರ್ಷಕ್ಕೂ ಮಿಕ್ಕಿ ಮುಚ್ಚಿದ್ದ ಪರೀಕ್ಷಾ ಹಾದಿ 2021ರಲ್ಲಿ ತೆರೆಯಿತು. ಕಿರಿಯ ಸಹೋದ್ಯೋಗಿ ಸಿಂಧೂರಾ ವರ್ಷಗಟ್ಟಲೆ ದುಡಿದು ರೂಪಿಸಿದ ಶಾಕ್ ಅಬ್ಸಾರ್ಬರನ್ನು ಜಯಪ್ರಕಾಶರು ಪರೀಕ್ಷಿಸಿ, "ಬಲು ಗಡಸು, ಬೇಡ" ಎಂದುಬಿಟ್ಟರು. ತಿಂಗಳ ಕೊನೆಗೆ ಯೋಜನೆ ಕೈಬಿಡುವುದೆಂದು ಮುಖ್ಯಸ್ಥ ಕಾತೋ ಸಾನ್ ತಿಳಿಸಿದರು. ಸಿಂಧೂರಾ ಅತ್ತರು, ಆ ಬೆನ್ನಿನ ತೀರ್ಪಿನ ಮೇಲೆ ಅಪೀಲು ಹೋಗುವುದೆಲ್ಲಿಗೆ?

ಅದೇ ವಾರ ಸಿಂಧೂರಾಗೆ ಕೊರೊನಾ ತಗುಲಿತು. 'ಬೇಡ' ಎಂದವರೇ ಸಾರು ಹೊತ್ತು ಬಂದರು. ಹಾಗೆ ಮನೆಯೊಳಗೆ ಸಿಕ್ಕಿಬಿದ್ದ ಕನ್ನಡಿಗರಿಗೆಲ್ಲ ಪತ್ನಿ ವೇದವಲ್ಲಿಯವರು ಮಾಡಿದ ಸಾರನ್ನು ತಮ್ಮ ಹಳೆಯ ಕಾರಿನಲ್ಲಿ ತಲುಪಿಸುವುದು ಅವರ ದೊಡ್ಡತನ. ತುಂಬಿ ಹೊರಟ ಡಬ್ಬಿ ಅರ್ಧವಾಗಿ ತಲುಪುತ್ತಿತ್ತು, ಉಳಿದರ್ಧವನ್ನು ಚೀಲ ಕುಡಿಯುತ್ತಿತ್ತು. ಹಿರಿಯರೆಂಬ ಗೌರವಕ್ಕೆ ಯಾರೂ ತುಟಿಪಿಟಕ್ಕೆನ್ನಲಿಲ್ಲ.

ಸಿಂಧೂರಾ ಬಾಲ್ಕನಿಯಿಂದ ನೋಡಿದರು. ಕಾರು ನಿಂತ ಮೇಲೂ, ಗಿರಾಕಿಯನ್ನು ಬೀಳ್ಕೊಡುವ ಜಪಾನಿ ಅಂಗಡಿಯವರಂತೆ, ಬಾಗುತ್ತ ಏಳುತ್ತ ಇತ್ತು. ಸಿಂಧೂರಾಗೆ ಥಟ್ಟನೆ ಹೊಳೆಯಿತು. ಶಾಕ್ ಅಬ್ಸಾರ್ಬರ್ ನಿಧಾನವಾಗಿ ಸವೆಯುತ್ತದೆ, ಓಡಿಸುವವರ ಮೈ ಅದಕ್ಕೇ ಒಗ್ಗಿಹೋಗುತ್ತದೆ. ಪರೀಕ್ಷಾ ಹಾದಿ ಮುಚ್ಚಿದ್ದ ವರ್ಷವಿಡೀ ಈ ತೊಟ್ಟಿಲಿನಲ್ಲೇ ತೂಗಿದ ಬೆನ್ನಿಗೆ ಸರಿಯಾದ ಕಾರು ಗಡಸೆನಿಸದೆ ಇನ್ನೇನು?

ಮೇಲಿನಿಂದಲೇ ಕೂಗಿದರು: "ಸರ್, ಬೇಜಾರ್ ಮಾಡ್ಕೋಬೇಡಿ. ನಿಮ್ ಕಾರಿನ ಶಾಕ್ಸ್ ಹೋಗಿದೆ ಅನ್ಸುತ್ತೆ."

"ನನ್ ಕಾರಿಂದಾ? ನಂಗೇ ಹೇಳ್ತೀಯೇನಮ್ಮಾ?"

"ಬಾನೆಟ್ ಒತ್ತಿ ನೋಡಿ ಸರ್, ಪ್ಲೀಸ್."

ಒತ್ತಿದರು. ಕಾರು ಕುಣಿಯಿತು, ಕುಣಿಯುತ್ತಲೇ ಇತ್ತು. ಒಳಗಿದ್ದ ವೇದವಲ್ಲಿಯವರು ಗಾಜಿಳಿಸಿದರು: "ವರ್ಷದಿಂದ ವಾಂತಿ ಬರತ್ತೆ ಅಂತ ಬಡ್ಕೋತಿದೀನಿ ರೀ. ನಿನ್ ಹೊಟ್ಟೇನೇ ವೀಕು ಅಂದ್ರಲ್ಲಾ!"

ಜಯಪ್ರಕಾಶರು ಮುಖ ಕೆಂಪಗೆ ಮಾಡಿಕೊಂಡು ಹೊರಟುಹೋದರು. ಇನ್ನು ತನ್ನ ಕತೆ ಮುಗಿಯಿತೆಂದು ಸಿಂಧೂರಾ ಹೆದರಿದರು.

ಆದರೆ ಜಯಪ್ರಕಾಶರು ತಮ್ಮ ಕಾರಿನ ನಾಲ್ಕೂ ಶಾಕ್ ಬದಲಾಯಿಸಿ, ಮೈ ಹದಕ್ಕೆ ಬರುವವರೆಗೆ ಕಾರು ಓಡಿಸಿ, ಪರೀಕ್ಷೆಯನ್ನು ಮತ್ತೆ ಮಾಡಿದರು. ತಿಂಗಳ ಕೊನೆಯ ಸಭೆಯಲ್ಲಿ ಎಲ್ಲರೆದುರು ನಡು ಬಗ್ಗಿಸಿ, "ಸುಮಿಮಾಸೆನ್, ಕ್ಷಮಿಸಿ. ಸಿಂಧೂರಾ ಅವರ ಕೆಲಸ ಸರಿಯಾಗಿದೆ. ಕೆಟ್ಟಿದ್ದು ನನ್ನ ಬೆನ್ನು" ಎಂದರು. ಆ ಬೆನ್ನೊಂದನ್ನೇ ನಂಬಿ ಬಾಳಿದವರು ಹಾಗೆನ್ನಲು ಎಷ್ಟು ಎದೆಗಾರಿಕೆ ಬೇಕು! ಯೋಜನೆ ಉಳಿಯಿತು. ಸಿಂಧೂರಾ ಮತ್ತೊಮ್ಮೆ ಅತ್ತರು, ಈ ಸಲ ಸಂತೋಷಕ್ಕೆ.

ಜಯಪ್ರಕಾಶರು ಶತಾಯುಷಿಗಳಾಗಲಿ, ನಿವೃತ್ತಿಯ ನಂತರವೂ ಪರೀಕ್ಷಾ ಕಾರು ಹತ್ತುತ್ತಿರಲಿ. ಅವರು 'ಬೇಡ' ಎಂದರೆ ಸಿಂಧೂರಾ ಈಗ ಅಳುವುದಿಲ್ಲ, ಕೇಳುತ್ತಾರೆ: "ಸರ್, ಇವತ್ತು ಯಾವ್ ಕಾರಲ್ಲಿ ಬಂದ್ರಿ?"