ಗಣಿಯ ದಾರಿಯಲ್ಲಿ ಒಂಬತ್ತು ಜನ

ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಮುಂಬಯಿಯ ಚೆಂಬೂರಿನ ನಮ್ಮ ಕಾಲನಿಯ ಗೇಟಿನಿಂದ ಜಿಪ್ಸಿಯನ್ನು ಹೊರಗೆ ತೆಗೆದೆ. ಮಳೆ ನಿಂತಿತ್ತು, ಗಾಳಿಯಲ್ಲಿ ರಿಫೈನರಿಯ ಎಂದಿನ ವಾಸನೆ ಇತ್ತು. ಹಿಂದಿನ ಸೀಟಿನಲ್ಲಿ ಸಲಿಕೆ, ಎರಡು ಗೋಣಿಚೀಲ, ಮನೆಯವಳು ಕಟ್ಟಿಕೊಟ್ಟ ಹನ್ನೆರಡು ಚಪಾತಿ. ನನ್ನ ಕೊರಳಲ್ಲಿ ಒಂದು ಸೀಟಿ.

ಆ ಸೀಟಿಯ ಬಗ್ಗೆ ಮೊದಲೇ ಹೇಳಬೇಕು. ಡಾಂಬರಿಲ್ಲದ ದಾರಿಗಳಲ್ಲಿ, ಕೆಸರು ಕಲ್ಲುಗಳ ಮೇಲೆ ಗಾಡಿ ಓಡಿಸುವ ಹುಚ್ಚಿರುವವರ ಗುಂಪು ನಮ್ಮದು. ಐದಾರು ವರ್ಷ ಅದು ದೊಡ್ಡ ಗಾಡಿಗಳಿದ್ದ ಗಂಡಸರ ಕೂಟವಾಗಿತ್ತು. ವಡಾಲದಲ್ಲಿ ಹೋಟೆಲು ನಡೆಸುವ ರೈಗಳು ಈ ವರ್ಷ ಹಠ ಹಿಡಿದು ಹೊಸಬರಿಗೆ, ಹೆಂಗಸರಿಗೆ, ಹಳೆಯ ಗಾಡಿಯವರಿಗೆ ಬಾಗಿಲು ತೆರೆಸಿದರು. ನಿಯಮಗಳನ್ನೂ ಬರೆಸಿದರು. ಕುಡಿದು ಬರಬಾರದು, ಯಾರ ಹೊಲಕ್ಕೂ ಚಕ್ರ ಹತ್ತಿಸಬಾರದು, ಕಸ ವಾಪಸು ತರಬೇಕು. ಹೂತ ಗಾಡಿಯನ್ನು ಎಳೆಯುವ ಮೊದಲು ಒಬ್ಬರು ಎಲ್ಲರನ್ನೂ ಹಗ್ಗದ ಉದ್ದದ ಎರಡರಷ್ಟು ದೂರಕ್ಕೆ ಕಳಿಸಿ, ತಲೆ ಎಣಿಸಿ, ಸೀಟಿ ಊದಬೇಕು. ಸೀಟಿ ಕೇಳದೆ ಯಾರೂ ಎಳೆಯುವಂತಿಲ್ಲ. ಆ ಕೆಲಸವನ್ನು ನಾನಾಗಿಯೇ ಕೇಳಿ ಪಡೆದಿದ್ದೆ.

ಮಾನ್‌ಖುರ್ದಿನಲ್ಲಿ, ಸಮುದ್ರದ ಹಿನ್ನೀರು ದಾಟುವ ಖಾಡಿ ಸೇತುವೆಗೆ ಮೊದಲು, ಐದು ಗಾಡಿಗಳು ಸೇರಿದೆವು. ಒಟ್ಟು ಒಂಬತ್ತು ಜನ. ಹೊಸಬರು ಇಬ್ಬರು: ಆಂಟಾಪ್ ಹಿಲ್‌ನ ಯಲ್ಲಪ್ಪ ಮತ್ತು ಅವರ ಮಗಳು ಭಾಗ್ಯ. ಯಲ್ಲಪ್ಪ ವಿಜಯಪುರ ಜಿಲ್ಲೆಯವರು, ಇಪ್ಪತ್ತು ವರ್ಷದಿಂದ ನೀರಿನ ಟ್ಯಾಂಕರ್ ಓಡಿಸುತ್ತಾರೆ. ಗುಜರಿಗೆ ಬಿದ್ದಿದ್ದ ಜೀಪೊಂದನ್ನು ತಂದು ತಾವೇ ರಿಪೇರಿ ಮಾಡಿದ್ದರು.

ರೈಗಳು ಜೀಪಿನ ಸುತ್ತ ಒಂದು ಸುತ್ತು ಬಂದರು. "ಎಂತ ಯಲ್ಲಪ್ಪ, ಇದರಲ್ಲಿ ಜೀಪಿಗಿಂತ ವೆಲ್ಡಿಂಗೇ ಜಾಸ್ತಿ ಉಂಟಲ್ಲ ಮಾರಾಯ."

"ವೆಲ್ಡಿಂಗ ಗಟ್ಟಿ ಹಿಡದೈತ್ರೀ ಅಣ್ಣಾರ. ಮನಷ್ಯಾರಾಗಿದ್ರ ಎಂದೋ ಕೈ ಬಿಡತಿದ್ರು."

ಎಲ್ಲರೂ ನಕ್ಕೆವು. ರೈಗಳು ಜೀಪಿನ ಮುಂದೆ ಬೆಸೆದಿದ್ದ, ಹಗ್ಗ ಸಿಕ್ಕಿಸುವ ಕೊಕ್ಕೆಯನ್ನು ಕೈಯಿಂದ ಒಮ್ಮೆ ತಟ್ಟಿದರು. ಬಗ್ಗಿ ನೋಡಲಿಲ್ಲ. ನಾನೂ ನೋಡಲಿಲ್ಲ.

ಚಾಲಕರ ಸೀಟಿನಲ್ಲಿ ಭಾಗ್ಯ ಇದ್ದಳು. ಕೊರಿಯರ್ ಆಫೀಸಿನಲ್ಲಿ ಕೆಲಸ, ಇಪ್ಪತ್ತೆರಡು ವರ್ಷ. "ಅಂಕಲ್, ಆಜ್ ನಾನೇ ಚಲಾಯಿಸ್ತೀನಿ. ಪಪ್ಪಾ ಸಿರ್ಫ್ ಬಾಜೂಲಿ ಕೂತ್ಕೋತಾರೆ," ಎಂದಳು. ಮಣ್ಣಿನ ದಾರಿಯಲ್ಲಿ ಅದು ಅವಳ ಮೊದಲ ದಿನ.

ವಾಶಿಯಲ್ಲಿ ಈಗ ಕಾರುಗಳಿಗೆ ಟೋಲ್ ಇಲ್ಲವಾದ್ದರಿಂದ ಎಲ್ಲೂ ನಿಲ್ಲಲಿಲ್ಲ. ಏಳೂವರೆಗೆ ಪನ್ವೇಲ್ ತಲುಪಿ ವಡಾಪಾವ್ ತಿಂದು ಚಹಾ ಕುಡಿದೆವು. ಅಲ್ಲಿಂದ ಹನ್ನೊಂದು ಕಿಲೋಮೀಟರ್ ಡಾಂಬರು, ಆಮೇಲೆ ಆರು ಕಿಲೋಮೀಟರ್ ಕಲ್ಲುಗಣಿಯ ಮಣ್ಣು ದಾರಿ. ಗಣಿಯ ಒಂದು ಮಗ್ಗುಲು ಮುಚ್ಚಿ ವರ್ಷಗಳಾಗಿವೆ, ಇನ್ನೊಂದು ಮಗ್ಗುಲಲ್ಲಿ ಕೆಲಸ ನಡೆಯುತ್ತದೆ. ದಾರಿಯ ಬದಿಗೆ ಮೂವತ್ತರಷ್ಟು ತಗಡಿನ ಗುಡಿಸಲುಗಳು. ಒಂದು ಬಾಗಿಲಲ್ಲಿ ಯಾರೋ ಕನ್ನಡದಲ್ಲಿ ಮಗುವನ್ನು ಗದರುತ್ತಿದ್ದರು. ಯಾದಗಿರಿ ಕಡೆಯವರು, ಕಲ್ಲು ಒಡೆಯಲು ಬಂದವರು ಎಂದು ಯಲ್ಲಪ್ಪ ಹೇಳಿದರು. ಕೆಸರು ಯಾರ ಗೋಡೆಗೂ ಸಿಡಿಯದಂತೆ ಮೊದಲ ಗೇರಿನಲ್ಲಿ ಸಾಗಿದೆವು. ಅದು ನಮ್ಮ ನಿಯಮ. ಅದನ್ನು ಪಾಲಿಸಿದ್ದಕ್ಕೆ ನನಗೆ ಹೆಮ್ಮೆಯಾಗಿತ್ತು.

ಹತ್ತು ಗಂಟೆ ದಾಟಿದ ಮೇಲೆ, ಗುಡಿಸಲುಗಳಿಂದ ಸುಮಾರು ಒಂದು ಕಿಲೋಮೀಟರ್ ಮೇಲೆ, ತಿರುವಿನಲ್ಲಿ ಭಾಗ್ಯಳ ಜೀಪು ಕೆಸರಿನಲ್ಲಿ ಆಕ್ಸಲ್‌ವರೆಗೆ ಹೂತಿತು. ರೈಗಳ ಗಾಡಿ ಮತ್ತು ಇನ್ನೊಂದು ಗಾಡಿ ಆಗಲೇ ಏರಿನ ಮೇಲಿದ್ದವು. ಜೀಪಿನ ಕೆಳಗೆ ನನ್ನ ಜಿಪ್ಸಿ, ಅದರ ಕೆಳಗೆ ಒಂದು ಪಿಕಪ್. ರೈಗಳು ಹಿಂದಕ್ಕೆ ಬಂದು, ಒಂಬತ್ತು ಮೀಟರ್ ಉದ್ದದ ಎಳೆಯುವ ಪಟ್ಟಿಯನ್ನು ತಮ್ಮ ಗಾಡಿಯಿಂದ ಜೀಪಿನ ಕೊಕ್ಕೆಗೆ ಸಿಕ್ಕಿಸಿದರು. ಅದು ರಬ್ಬರಿನಂತೆ ಹಿಗ್ಗುವ ಪಟ್ಟಿ. ಕಿತ್ತರೆ ಹಾರದಿರಲೆಂದು ಮೇಲೆ ಒದ್ದೆ ಗೋಣಿ ಹೊದಿಸಿದೆ. ನಮ್ಮವರನ್ನು ದೂರ ಕಳಿಸಿದೆ.

ಅಷ್ಟರಲ್ಲಿ ಮೇಲಿನಿಂದ ಒಬ್ಬ ಹೆಂಗಸು ತಲೆಯ ಮೇಲೆ ನೀಲಿ ಕ್ಯಾನ್ ಹೊತ್ತು ಇಳಿದು ಬಂದರು. ಮೇಲೆ ಬಂಡೆಯ ಸಂದಿಯಲ್ಲಿ ಒಂದು ಒರತೆ ಇದೆ. ಕೆಳಗಿನ ಗಣಿಗುಂಡಿಯ ನೀರು ಕುಡಿಯಲು ಆಗುವುದಿಲ್ಲ. ನಮ್ಮ ಗಾಡಿಗಳು ದಾರಿ ತುಂಬಿಕೊಂಡಿದ್ದರಿಂದ ಅವರು ರೈಗಳ ಗಾಡಿಯ ಪಕ್ಕ ಕ್ಯಾನ್ ಇಳಿಸಿ ಸೊಂಟದ ಮೇಲೆ ಕೈಯಿಟ್ಟು ನಿಂತರು. ಮೋಜು ನೋಡಲು ನಿಂತವರಲ್ಲ. ದಾರಿ ಬಿಡಲಿ ಎಂದು ಕಾಯುತ್ತಿದ್ದರು.

"ಸರ, ಅಲ್ಲಿ ಒಬ್ಬಾಕಿ ನಿಂತಾಳ್ರೀ," ಎಂದರು ಯಲ್ಲಪ್ಪ.

ನಾನು ನೋಡಿದೆ. ನನ್ನ ಬೆರಳುಗಳ ಮೇಲೆ ಎಣಿಕೆ ಮುಗಿದಿತ್ತು. "ನಮ್ಮ ಒಂಬತ್ತೂ ಜನ ಸರಿಯಾಗಿದ್ದಾರೆ," ಎಂದೆ. ಇದನ್ನೇ ಹೇಳಿದೆ, ಇದೇ ಮಾತುಗಳಲ್ಲಿ. ಆಮೇಲೆ ಸೀಟಿ ಊದಿದೆ.

ರೈಗಳು ಎಳೆದರು. ಕೊಕ್ಕೆಯ ಬೆಸುಗೆ ಬಿಟ್ಟಿತು. ಗೋಣಿ ಅಲ್ಲೇ ಬಿತ್ತು, ಕೊಕ್ಕೆ ಬೀಳಲಿಲ್ಲ, ಹಿಗ್ಗಿದ ಪಟ್ಟಿಯ ಜೊತೆ ಹಾರಿತು. ಅದು ಹೋದದ್ದು ನನಗೆ ಕಾಣಲೇ ಇಲ್ಲ. ಒಣ ಕಟ್ಟಿಗೆ ಮುರಿದಂಥ ಸದ್ದು ಕೇಳಿತು. ನೋಡಿದಾಗ ಆಕೆ ನೆಲದ ಮೇಲಿದ್ದರು. ಬಲಗಾಲು ಮೊಣಕಾಲಿನ ಕೆಳಗೆ ಇರಬೇಕಾದ ದಿಕ್ಕಿನಲ್ಲಿ ಇರಲಿಲ್ಲ. ಪಕ್ಕದಲ್ಲಿ ಕ್ಯಾನ್ ಹಾಗೆಯೇ ನಿಂತಿತ್ತು.

ಹೆಸರು ಶಾಂತವ್ವ. ನನ್ನ ಅಂಗಿಯನ್ನು ಹರಿದು ಕಾಲಿಗೆ ಬಿಗಿದು ಕಟ್ಟುತ್ತಿದ್ದಾಗ ಅವರು ಅಳಲಿಲ್ಲ. ನನ್ನ ಮೊಣಕೈ ಹಿಡಿದುಕೊಂಡರು. "ನೀರು ಮನಿಗಿ ಮುಟ್ಟಸ್ರೀ. ಮನ್ಯಾಗ ಒಂದ್ ಹನಿ ಇಲ್ಲ."

"ಮುಟ್ಟಸ್ತೀನವ್ವಾ," ಎಂದೆ. ಕ್ಯಾನನ್ನು ಎತ್ತಿ ಜಿಪ್ಸಿಯ ಹಿಂಬದಿಗೆ, ಸಲಿಕೆಯ ಪಕ್ಕಕ್ಕೆ ಇಟ್ಟೆ.

ಪಿಕಪ್‌ನಲ್ಲಿ ಗೋಣಿ ಹಾಸಿ ಅವರನ್ನು ಮಲಗಿಸಿದೆವು. ಓಡಿಸಿದವರು ಯಲ್ಲಪ್ಪ. ತುಂಬಿದ ಟ್ಯಾಂಕರನ್ನು ಚೆಲ್ಲದಂತೆ ಗಲ್ಲಿಗಳಲ್ಲಿ ಓಡಿಸಿದ ಕೈ ಅದು. ನಮ್ಮಲ್ಲಿ ಬೇರೆ ಯಾರೂ ಆ ದಾರಿಯಲ್ಲಿ ಹಾಗೆ ಇಳಿಸುತ್ತಿರಲಿಲ್ಲ. ಭಾಗ್ಯ ಹಿಂದೆ ಕೂತು ಎರಡೂ ಕೈಯಲ್ಲಿ ಆ ಕಾಲನ್ನು ಹಿಡಿದಿದ್ದಳು. ಗುಡಿಸಲುಗಳ ಹತ್ತಿರ ಪಿಕಪ್ ಅರೆನಿಮಿಷ ನಿಂತಿತು, ನೆರೆಮನೆಯ ಹೆಂಗಸೊಬ್ಬರು ಹತ್ತಿಕೊಂಡರು. ನಾನು ಹಿಂದೆ ಜಿಪ್ಸಿಯಲ್ಲಿದ್ದೆ. ಇಳಿಯಲಿಲ್ಲ.

ಪನ್ವೇಲಿನ ಮೊದಲ ಆಸ್ಪತ್ರೆಯಲ್ಲಿ ರಕ್ತ ನಿಲ್ಲಿಸಿ, ಮುಂಬಯಿಗೆ ಒಯ್ಯಿರಿ ಎಂದರು. ಹನ್ನೆರಡೂವರೆಗೆ ಮತ್ತೆ ಖಾಡಿ ಸೇತುವೆ ದಾಟಿದೆವು. ಬೆಳಿಗ್ಗೆ ಅದೇ ಸೇತುವೆಯ ಮೇಲೆ ಭಾಗ್ಯ ಹಾರ್ನ್ ಹೊಡೆದು ಕೈ ಬೀಸಿದ್ದಳು.

ಸರ್ಕಾರಿ ಆಸ್ಪತ್ರೆಯ ಬೆಂಚಿನಲ್ಲಿ ಕೂತಿದ್ದಾಗ ಗುಂಪಿನ ವಾಟ್ಸಾಪ್‌ಗೆ ಸಂದೇಶ ಬಂತು: ಸಣ್ಣ ಅಪಘಾತ, ನಮ್ಮವರೆಲ್ಲ ಸುರಕ್ಷಿತ. ಅದರ ಕೆಳಗೆ ಹೆಬ್ಬೆರಳುಗಳು, ಕೈಮುಗಿದ ಚಿತ್ರಗಳು. ಬರೆದದ್ದು ಯಾರೆಂದು ಇಲ್ಲಿ ಹೇಳುವುದಿಲ್ಲ. ಎಣಿಸಿಕೊಟ್ಟದ್ದು ನಾನು.

ರೈಗಳು ಎರಡು ಗಂಟೆಗೆ ಬಂದರು. "ಆ ಕೊಕ್ಕೆ ನಾನು ನೋಡಬೇಕಿತ್ತು," ಎಂದು ಮೂರು ಸಲ ಹೇಳಿದರು. ಯಲ್ಲಪ್ಪ ನನ್ನ ಕಡೆ ತಿರುಗದೆ, "ನಾ ಹೇಳಿದ್ನಲ್ರೀ ಸರ," ಎಂದರು.

ಭಾಗ್ಯಳ ಕುರ್ತಾ ಗಟ್ಟಿಯಾಗಿ ಒಣಗಿತ್ತು. "ಪೂರಾ ರಾಸ್ತಾ ಏನೋ ಒಂದ್ ಮಾತಾಡ್ತಾನೇ ಇದ್ದೆ ಅಂಕಲ್. ನನ್ನ ಕನ್ನಡ ಅವರಿಗೆ ಸಮಜ್ ಆಯ್ತೋ ಇಲ್ವೋ," ಎಂದಳು. ಶಾಂತವ್ವನ ಕಾಲು ಉಳಿಯುತ್ತದೆಯೋ ಇಲ್ಲವೋ ಎಂದು ಡಾಕ್ಟರು ಆಗ ಹೇಳಲಿಲ್ಲ. ಸಂಜೆ ಐದಕ್ಕೆ ಹೇಳಿದರು. ಉಳಿಯಲಿಲ್ಲ.

ಆರು ಗಂಟೆಗೆ ಚೆಂಬೂರಿಗೆ ಬಂದೆ. ಸಲಿಕೆ ತೊಳೆಯೋಣವೆಂದು ಜಿಪ್ಸಿಯ ಹಿಂದಿನ ಬಾಗಿಲು ತೆಗೆದೆ. ನೀಲಿ ಕ್ಯಾನ್ ಅಲ್ಲಿತ್ತು. ಮುಚ್ಚಳ ಬಿಗಿಯಾಗಿತ್ತು, ಒಂದು ಹನಿಯೂ ಚೆಲ್ಲಿರಲಿಲ್ಲ.

"ಬಿಸ್ಲೆರಿ ಲಾಯೇ ಕ್ಯಾ, ಸಾಬ್?" ಎಂದು, ನೀರು ಕೊಂಡು ತಂದೆನೆಂದುಕೊಂಡು, ವಾಚ್‌ಮನ್ ನಕ್ಕ. ನಮ್ಮ ಬಿಲ್ಡಿಂಗಿನಲ್ಲಿ ಇಪ್ಪತ್ತನಾಲ್ಕು ಗಂಟೆ ನೀರು ಬರುತ್ತದೆ.

ಮರುದಿನ ರಜೆ ಹಾಕಿ ಒಬ್ಬನೇ ಹೋದೆ. ಕ್ಯಾನ್ ಜೊತೆಗೆ ಇನ್ನೂ ನಾಲ್ಕು ಕ್ಯಾನ್ ನೀರು ಒಯ್ದಿದ್ದೆ. ಶಾಂತವ್ವನ ಅತ್ತೆ ಬಾಗಿಲಲ್ಲಿ ಕೂತಿದ್ದರು. ಮಗ ಹೆಂಡತಿಯ ಜೊತೆ ಆಸ್ಪತ್ರೆಯಲ್ಲಿದ್ದಾನೆ ಎಂದರು. ನಾನು ಯಾರು ಎಂದು ಹೇಳಿದೆ. ಸೀಟಿ ಊದಿದವನು ನಾನೇ ಎಂದೂ ಹೇಳಿದೆ. ಅವರು ನೀಲಿ ಕ್ಯಾನನ್ನು ಗುರುತಿಸಿದರು. ಮುಚ್ಚಳ ತೆಗೆದು ಮೂಸಿ, ಹೊಸ್ತಿಲಿನ ಮೇಲೆ ನಿಧಾನವಾಗಿ ಸುರಿದು, ನೆಲ ಗುಡಿಸಿದರು.

"ನಿನ್ನಿ ಹುಡುಗ್ರು ಗುಂಡಿ ನೀರ ಕುಡದ್ವು," ಎಂದರು. "ಚಿಕ್ಕಾಂವಗ ವಾಂತಿ ಹತ್ತೇತಿ."

ಚಿಕ್ಕವನನ್ನು ಪನ್ವೇಲಿಗೆ ಕರೆದೊಯ್ಯಲೇ ಎಂದು ಕೇಳಿದೆ. ನಿಮ್ಮ ಗಾಡಿ ಬ್ಯಾಡ್ರಿ, ಎಂದರು.

ಗುಡಿಸಲುಗಳ ನಡುವೆ ದಾರಿ ಕಿರಿದು. ಜಿಪ್ಸಿಯನ್ನು ತಿರುಗಿಸುವ ಮೊದಲು ಇಳಿದು, ಸುತ್ತ ನಿಂತವರನ್ನು ಎಣಿಸಿದೆ. ಮಕ್ಕಳೂ ಸೇರಿ ಹದಿನೇಳು ಜನ. ಹದಿನೇಳೂ ಜನ ಹಿಂದೆ ಸರಿಯುವವರೆಗೆ ಗಾಡಿ ಚಾಲೂ ಮಾಡಲಿಲ್ಲ.