ಮುಜೀಬ್ ಆನ್ ಮಾಡಿದ ಫೋನು

ಮುಜೀಬನನ್ನು ಕೆಲಸದಿಂದ ತೆಗೆದು ಎರಡು ವರ್ಷವಾಯಿತು. ಅವನ ಜಾಗಕ್ಕೆ ಬಂದಿರುವ ಹುಡುಗಿ ಬಹಳ ಬಿಗಿ. ಸಾಕ್ಷಿಯ ಫೋನುಗಳಿರುವ ಕೋಣೆಯ ಹೊಸ್ತಿಲನ್ನೂ ನನಗೆ ದಾಟಗೊಡುವುದಿಲ್ಲ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಅವಳು ಮಾಡುವುದೇ ಸರಿ ಅನ್ನಿಸುತ್ತದೆ. ಮುಜೀಬನೂ ಆ ದಿನ ನನ್ನನ್ನು ಹೊರಗೇ ನಿಲ್ಲಿಸಬೇಕಿತ್ತು.

ನಾನು ಶಿವಗಂಗಮ್ಮ. ಚನ್ನಗಿರಿ ಸೀಮೆಯ ಒಂದು ಸರ್ಕಾರಿ ವಕೀಲರ ಕಚೇರಿಯಲ್ಲಿ ಟೈಪಿಸ್ಟ್. ಯಾವ ಕಚೇರಿ, ಯಾವ ಮೇಡಂ ಎಂದು ಕೇಳಬೇಡಿ, ಈಗ ಇರುವವರಿಗೆ ಇರುಸುಮುರುಸು ಮಾಡುವುದು ನನಗೆ ಬೇಕಿಲ್ಲ. ಇಪ್ಪತ್ತಾರು ವರ್ಷ ಕೊಲೆ, ಕಳವು, ಹೊಡೆದಾಟಗಳ ಕಾಗದ ಟೈಪು ಮಾಡಿದವಳು ನಾನು. ಯಾರು ಸುಳ್ಳು ಹೇಳುತ್ತಾರೆ ಎಂದು ಮುಖ ನೋಡಿಯೇ ಹೇಳುತ್ತೇನೆ ಎಂಬ ಜಂಬ ಬೇರೆ ಇತ್ತು.

ಮುಜೀಬ್ ನ್ಯಾಮತಿಯವನು. ತಂದೆ ಪೀರ್‌ಸಾಬ್ ಬಸ್ ನಿಲ್ದಾಣದ ಹತ್ತಿರ ರೇಡಿಯೊ ರಿಪೇರಿ ಮಾಡುತ್ತಿದ್ದವರು. ರಿಪೇರಿಯಾದ ರೇಡಿಯೊವನ್ನು ಗಿರಾಕಿಯ ಮುಂದೆಯೇ ಹಚ್ಚಿ, ಒಂದು ಹಾಡು ಪೂರ್ತಿ ಕೇಳಿಸಿ, ಆಮೇಲೆಯೇ ಕೈಗೆ ಕೊಡುವುದು ಅವರ ಪದ್ಧತಿ. ರೇಡಿಯೊ ಕಾಲ ಮುಗಿದು ಮೊಬೈಲು ಬಂದರೂ ಮಗ ಅದನ್ನು ಬಿಡಲಿಲ್ಲ. ಕೆಟ್ಟ ಫೋನು ಕೈಗೆ ಬಂದರೆ ಮೊದಲು ಚಾರ್ಜಿಗೆ ಹಾಕುವುದು, ಆನ್ ಮಾಡುವುದು, ಎದುರಿಗೆ ಕೂತವರಿಗೆ ತೋರಿಸುವುದು. ಹದಿನೈದು ವರ್ಷ ಅದನ್ನೇ ಮಾಡಿ ಅವನ ಕೈಗೆ ಅದು ರೂಢಿಯಾಗಿಬಿಟ್ಟಿತ್ತು.

ನಮ್ಮಲ್ಲಿಗೆ ಹೊಸ ಸಾಫ್ಟ್‌ವೇರ್ ಬಂದಾಗ ಅದನ್ನು ನಡೆಸಲು ಗುತ್ತಿಗೆಯ ಮೇಲೆ ಅವನನ್ನು ತೆಗೆದುಕೊಂಡರು. ವಶಪಡಿಸಿಕೊಂಡ ಫೋನಿನ ನಕಲು ತೆಗೆದು ಅದರೊಳಗೆ ಹಾಕಿದರೆ, ಯಾರು ಯಾರಿಗೆ ಎಷ್ಟು ಹೊತ್ತಿಗೆ ಕರೆ ಮಾಡಿದರು, ಯಾವ ಫೋಟೊ ಎಲ್ಲಿ ತೆಗೆದದ್ದು, ಎಲ್ಲವನ್ನೂ ಗಂಟೆ ನಿಮಿಷದ ಪ್ರಕಾರ ಸಾಲಾಗಿ ಕೂರಿಸಿಕೊಡುತ್ತಿತ್ತು. ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿ ಕಡೆ ಹೊಳೆದಂಡೆಯ ಪಂಪ್‌ಸೆಟ್ಟುಗಳು ಕಳುವಾದಾಗ ಏಳು ಜನ ಆರೋಪಿಗಳು, ಏಳು ಫೋನು, ಒಬ್ಬರ ಮೇಲೊಬ್ಬರು ಹೇಳುವುದೇ ಹೇಳುವುದು. ಮುಜೀಬ್ ಮೂರೇ ದಿನದಲ್ಲಿ ಏಳನ್ನೂ ಒಂದೇ ಪರದೆಯ ಮೇಲೆ ಹೊಂದಿಸಿ ಇಟ್ಟ. "ಇಷ್ಟು ಚೊಕ್ಕವಾದ ಕೇಸು ನಾನು ನಡೆಸಿಯೇ ಇಲ್ಲ" ಎಂದು ಮೇಡಂ ಎಲ್ಲರೆದುರು ಹೊಗಳಿದರು. ಅವನು ನಾಚಿಕೊಂಡು ಎಲ್ಲರಿಗೂ ಚಹಾ ತರಿಸಿದ.

ಒಂದು ನಿಯಮವನ್ನು ಮಾತ್ರ ಮೇಡಂ ಅವನಿಗೆ ಹತ್ತು ಸಲ ಹೇಳಿದ್ದರು. ಫೋನು ಬಂದಾಗ ಸಿಗ್ನಲ್ ತಾಗದಂಥ ಬೆಳ್ಳಿಬಣ್ಣದ ಚೀಲದಲ್ಲಿರುತ್ತದೆ. ನಕಲು ತೆಗೆಯುವತನಕ ಅದನ್ನು ಹೊರಗೆ ಆನ್ ಮಾಡಕೂಡದು.

ಆಗ ಬಂದದ್ದು ಆಶಾಳ ಫೋನು. ಜಗಳೂರು ತಾಲ್ಲೂಕು ಸೊಕ್ಕೆಯ ಹುಡುಗಿ, ಕತ್ತಲಗೆರೆಗೆ ಮದುವೆಯಾಗಿ ಬಂದವಳು. ವರ್ಷ ತುಂಬುವುದರೊಳಗೆ ಬಾವಿಯಲ್ಲಿ ಹೆಣವಾದಳು. ಗಂಡ ಮಾರುತೇಶ್ 'ಸಾಯಿ, ಸಾಯಿ' ಎಂದು ಬೈದು ಮೂರು ವಾಯ್ಸ್ ಮೆಸೇಜು ಕಳಿಸಿದ್ದಾನೆ, ಅಳಿಸದೆ ಇಟ್ಟುಕೊಂಡಿದ್ದೇನೆ ಎಂದು ಹಿಂದಿನ ದಿನ ತಾಯಿ ಉಡಚಮ್ಮನಿಗೆ ಕರೆ ಮಾಡಿ ಹೇಳಿದ್ದಳು. ಗಂಡನ ಫೋನು ಕಳೆದುಹೋಗಿದೆಯಂತೆ. ಹೊರಗಿನವರು ಯಾರೂ ಜಗಳ ಕಂಡಿಲ್ಲ. ಕೇಸು ನಿಂತಿದ್ದೇ ಆ ಮೂರು ಮೆಸೇಜುಗಳ ಮೇಲೆ.

ನಕಲು ತೆಗೆಯಲು ಆಶಾಳ ಫೋನಿನ ಸರದಿ ಇನ್ನೂ ಬಂದಿರಲಿಲ್ಲ. ಹೇಳಿಕೆಗೆ ಸಹಿ ಹಾಕಲು ಬಂದಿದ್ದ ಉಡಚಮ್ಮ ನನ್ನ ಮೇಜಿನ ಪಕ್ಕ ನಿಂತು, "ಅಕ್ಕಾರೆ, ನನ್ ಮಗಳ ಫೋನು ಇಲ್ಲೇ ಐತಂತಲ್ರಿ. ಒಂದ್ಸಲ ಮುಟ್ಟಾಕೆ ಕೊಡ್ತಾರೇನ್ರಿ?" ಎಂದಳು. ಅವಳು ಕೇಳಿದ್ದು ಅಷ್ಟೇ, ಮುಟ್ಟಲು.

ನಾನೇ ಕೈ ಹಿಡಿದು ಮುಜೀಬನ ಕೋಣೆಗೆ ಕರೆದುಕೊಂಡು ಹೋದೆ. ಮೇಡಂ ಕೋರ್ಟಿಗೆ ಹೋಗಿದ್ದರು. ಅವನು ಚೀಲ ಬಿಚ್ಚಿ ಫೋನನ್ನು ಅವಳ ಅಂಗೈಯಲ್ಲಿಟ್ಟ. ಅವಳು ಸೆರಗಿನಿಂದ ಅದರ ಗಾಜು ಒರೆಸತೊಡಗಿದಳು. ನನಗೆ ತಡೆಯಲಾಗಲಿಲ್ಲ.

"ಮುಜೀಬ್, ಆ ಹುಡುಗಿ ದನಿ ಇದ್ರೆ ಒಂದ್ಸಲ ಕೇಳ್ಸಪ್ಪ. ಏನಾಗ್ತೈತೆ ಮಹಾ?"

ಅವನು ಒಂದು ಗಳಿಗೆ ನನ್ನ ಮುಖ ನೋಡಿದ. ಎದುರಿಗೆ ಒಬ್ಬಳು ತಾಯಿ ಅಂಗಡಿಯ ಗಿರಾಕಿಯ ಹಾಗೆ ಕೂತಿದ್ದಳು. ಅವನ ಕೈ ಚಾರ್ಜರಿನ ಕಡೆ ತಾನಾಗಿ ಹೋಯಿತು.

ಸೊಕ್ಕೆಯ ಗೆಳತಿಗೆ ಆಶಾ ಕಳಿಸಿದ್ದ ಮೆಸೇಜು ಸಿಕ್ಕಿತು. "ಅವ್ವಂಗೆ ಹೇಳೇ, ಹುಣಸೆಹಣ್ಣು ಬೀಜ ತೆಗ್ದು ಇಟ್ಟಿರು ಅಂತ. ಬಂದಾಗ ಒಯ್ತೀನಿ." ಅಷ್ಟೇ ಮಾತು, ಕೊನೆಗೆ ಒಂದು ನಗು. ಉಡಚಮ್ಮ ಅಳಲಿಲ್ಲ. "ಇಟ್ಟೀನಿ, ಇಟ್ಟೀನಿ" ಎಂದು ಫೋನಿಗೆ ಉತ್ತರ ಕೊಟ್ಟಳು. ನನಗೆ ಕಣ್ಣು ತುಂಬಿ ಬಂತು. ಒಳ್ಳೆಯ ಕೆಲಸ ಮಾಡಿದೆ ಅಂದುಕೊಂಡೆ, ದೇವರಾಣೆಗೂ ಹಾಗೇ ಅಂದುಕೊಂಡೆ.

ಅವಳನ್ನು ಬಸ್ಸಿಗೆ ಕಳಿಸಿ ಬಂದಾಗ ಮುಜೀಬ್ ಫೋನು ಹಿಡಿದುಕೊಂಡು ಗೋಡೆಗೆ ಒರಗಿ ನಿಂತಿದ್ದ. ಗಂಡನ ಹೆಸರಿನ ಕೆಳಗೆ ಮೂರು ಸಾಲು, ಮೂರರಲ್ಲೂ ಒಂದೇ ಮಾತು: ಈ ಮೆಸೇಜ್ ಅಳಿಸಲಾಗಿದೆ.

"ಅವ್ನು ತನ್ನ ಕಡೆಯಿಂದ ಆವಾಗ್ಲೇ ಎರಡೂ ಫೋನಲ್ಲಿ ಅಳಿಸೋ ಹಂಗೆ ಡಿಲೀಟ್ ಒತ್ತಿದ್ದ ಅಕ್ಕ. ಈ ಫೋನು ಆಫ್ ಆಗಿದ್ದಕ್ಕೆ ಇಲ್ಲಿ ಉಳ್ಕಂಡಿದ್ವು. ನಾನು ಆನ್ ಮಾಡಿದೆ, ಸಿಗ್ನಲ್ ಬಂತು, ಹೋದ್ವು."

"ವಾಪಸ್ ತರಾಕೆ ಬರಲ್ವಾ?"

ಅವನು ಇಲ್ಲವೆಂದು ತಲೆಯಾಡಿಸಿದ. ಆಮೇಲೆ ದೊಡ್ಡ ಪ್ರಯೋಗಾಲಯಕ್ಕೂ ಕಳಿಸಿ ನೋಡಿದರು. ಅವು ಸಿಗಲಿಲ್ಲ.

ಸಂಜೆ ಮೇಡಂ ಬಂದ ಕೂಡಲೇ ಅವನೇ ಹೋಗಿ ಹೇಳಿದ. ನಾನು ಹತ್ತು ಹೆಜ್ಜೆ ಆಚೆ ಟೈಪು ಮಾಡುತ್ತಿದ್ದೆ. "ಆನ್ ಮಾಡು ಅಂತ ಯಾರು ಹೇಳಿದರು?" ಎಂದು ಮೇಡಂ ಗದರಿದ್ದು ಕೇಳಿಸಿತು. "ಯಾರೂ ಇಲ್ಲ ಮೇಡಂ. ನಾನೇ ಮಾಡ್ದೆ" ಎಂದ. ನಾನು ಏಳಲಿಲ್ಲ, ಬಾಯಿ ಬಿಡಲಿಲ್ಲ. ನಿವೃತ್ತಿಗೆ ನಾಲ್ಕು ವರ್ಷವಿತ್ತು, ಪಿಂಚಣಿಯ ಭಯ. ನನ್ನ ಬೆರಳುಗಳು ಟೈಪು ಮಾಡುತ್ತಲೇ ಇದ್ದವು.

ಫೋನು ಎಷ್ಟು ಹೊತ್ತಿಗೆ ಆನ್ ಆಯಿತು ಎಂಬುದನ್ನೂ ಅವನ ಮೆಚ್ಚಿನ ಸಾಫ್ಟ್‌ವೇರೇ ಸಾಲಿನಲ್ಲಿ ಕೂರಿಸಿ ತೋರಿಸಿತು: ಹನ್ನೆರಡು ಗಂಟೆ ಹತ್ತು ನಿಮಿಷ. ಆರೋಪಿ ಕಡೆಯ ವಕೀಲರು ಮುಜೀಬನನ್ನು ಕಟಕಟೆಯಲ್ಲಿ ನಿಲ್ಲಿಸಿ ಅದನ್ನೇ ಹಿಡಿದು ಜಗ್ಗಿದರು. ನನ್ನ ಹೆಸರೊಂದನ್ನು ಬಿಟ್ಟು ಅವನು ಏನನ್ನೂ ಮುಚ್ಚಿಡಲಿಲ್ಲ. ಸಂಶಯದ ಲಾಭ ಪಡೆದು ಮಾರುತೇಶ್ ಬಿಡುಗಡೆಯಾದ. ಉಡಚಮ್ಮ ಹಿಂದಿನ ಬೆಂಚಿನಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡಳು.

ಕಳೆದ ತಿಂಗಳು ಅವಳು ಕಚೇರಿಗೆ ಬಂದು ಮುಜೀಬ್ ಎಲ್ಲಿ ಎಂದು ವಿಚಾರಿಸಿದಳು. ಕೋರ್ಟು ವಾಪಸು ಕೊಟ್ಟ ಫೋನು ಅವಳ ಕೈಚೀಲದಲ್ಲಿತ್ತು. ರಜೆ ಹಾಕಿ, ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ, ನ್ಯಾಮತಿಗೆ ನಾನೇ ಕರೆದುಕೊಂಡು ಹೋದೆ. ಮುಜೀಬ್ ಮತ್ತೆ ಅದೇ ಅಂಗಡಿಯಲ್ಲಿ ಕೂತಿದ್ದ. ಗಡ್ಡ ಅರ್ಧ ಬೆಳ್ಳಗಾಗಿತ್ತು. ಅವಳು ಫೋನನ್ನು ಅವನ ಮುಂದಿಟ್ಟಳು. ಅವನು ಚಾರ್ಜರ್ ಮುಟ್ಟಲಿಲ್ಲ.

"ಅವ್ವ, ಆನ್ ಮಾಡ್ಲಾ?" ಎಂದು ಕೇಳಿದ.

"ಬ್ಯಾಡಪ್ಪ. ನಿಂಗೆ ಒಂದು ಮಾತು ಹೇಳಾಕೆ ಬಂದೀನಿ. ತಪ್ಪು ನಂದು. ಕೇಳ್ಸು ಅಂತ ನಾನೇ ಹಟ ಮಾಡಿದ್ನಲ್ಲ. ಅದಕ್ಕೇ ಅವ್ನು ತಪ್ಪಿಸ್ಕಂಡ, ನಿನ್ ಕೆಲ್ಸಾನೂ ಹೋತು."

"ನೀವೆಲ್ಲಿ ಹಟ ಮಾಡಿದ್ರಿ? ತಪ್ಪು ನಂದೇ ಅವ್ವ."

ಎರಡು ವರ್ಷದಿಂದ ಅವಳು ತಾನು ಆಡದ ಮಾತನ್ನು ಹೊತ್ತುಕೊಂಡು ತಿರುಗುತ್ತಿದ್ದಳು. ಇವನು ಈಗಲೂ ನನ್ನ ಹೆಸರೆತ್ತಲಿಲ್ಲ, ನನ್ನ ಕಡೆ ನೋಡಲೂ ಇಲ್ಲ.

"ಉಡಚಮ್ಮ, ನೀನು ಮುಟ್ಟಾಕೆ ಅಷ್ಟೇ ಕೇಳಿದ್ದೆ. ಕೇಳ್ಸು ಅಂದಾಕಿ ನಾನು" ಎಂದೆ.

ಅವಳು ಬೈಯಲಿಲ್ಲ. ಫೋನನ್ನು ಸೆರಗಿನಿಂದ ಒರೆಸಿ ಕೈಚೀಲಕ್ಕೆ ಹಾಕಿಕೊಂಡಳು.

"ಅದನ್ನ ಅವತ್ತೇ ಹೇಳಬೇಕಿತ್ತು ಅಕ್ಕಾರೆ" ಎಂದಳು. ಬಸ್ ನಿಲ್ದಾಣಕ್ಕೆ ಅವಳೊಬ್ಬಳೇ ಹೋದಳು.