ಅರಿಶಿನ ಹಚ್ಚಿದ ಸೀರೆ

ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗ ನನ್ನಷ್ಟು ಕಟ್ಟುನಿಟ್ಟಿನ ಹೆಂಗಸು ಕೂಡ್ಲಿಗಿಯಲ್ಲಿ ಇನ್ನೊಬ್ಬಳಿಲ್ಲ. ಒಂದೊಂದನ್ನೂ ತಿರುವಿ ನೋಡಿ, ತೂತಿದ್ದರೆ ಪಕ್ಕಕ್ಕಿಡುತ್ತೇನೆ. ಅಂಥ ನಾನು ಭಾರೀ ಬೆಲೆಯ ರೇಷ್ಮೆ ಸೀರೆಯನ್ನು ಮಡಿಕೆ ಕೂಡ ಬಿಚ್ಚಿಸದೆ ತಂದೆ. ಹರಪನಹಳ್ಳಿಯ ಅಂಗಡಿಯವರು ಬಾದಾಮಿ ಹಾಲು ಕೊಟ್ಟು ‘ಮೇಡಮ್ಮಾರ’ ಎಂದಿದ್ದರು, ಅಷ್ಟಕ್ಕೇ ಕರಗಿಹೋಗಿದ್ದೆ.

ಸೀರೆ ಅತ್ತಿಗೆಗೆ, ಅಂದರೆ ನನ್ನ ಅಣ್ಣನ ಹೆಂಡತಿಗೆ. ಅವ್ವ ತೀರಿಕೊಂಡಾಗ ನನಗೆ ಆರು ವರ್ಷ. ಹೊಸಹಳ್ಳಿಯ ನಮ್ಮ ಮನೆಗೆ ಆಗತಾನೇ ಸೊಸೆಯಾಗಿ ಬಂದಿದ್ದ ಅತ್ತಿಗೆ ನನ್ನ ತಲೆ ಬಾಚಿ, ಶಾಲೆಗೆ ಕಳಿಸಿ, ಟೀಚರಮ್ಮನನ್ನಾಗಿ ಮಾಡಿದಳು. ಈಗ ಅವಳ ಮಗಳ ಮದುವೆ. ಮದುಮಕ್ಕಳ ಮೇಲೆ ಅಕ್ಕಿಕಾಳು ಬೀಳುವ ಹೊತ್ತಿಗೆ ಅವಳ ಮೈಮೇಲೆ ನಾನು ತಂದ ಸೀರೆಯೇ ಇರಬೇಕೆಂಬುದು ನನ್ನ ಎಷ್ಟೋ ವರ್ಷದ ಆಸೆ.

ನಮ್ಮ ಕಡೆ ಹೊಸ ಸೀರೆ ಮನೆಗೆ ಬಂದರೆ ಮೊದಲು ಅದರ ಮೂಲೆಗೆ ಅರಿಶಿನ ಕುಂಕುಮ ಹಚ್ಚಿ ದೇವರ ಮುಂದಿಡಬೇಕು. ಬಿಚ್ಚಿ ನೋಡುವುದು ಆಮೇಲೆ. ಈ ಪದ್ಧತಿಯನ್ನು ಬಟ್ಟೆ ಅಂಗಡಿಯವರೇ ಹುಟ್ಟುಹಾಕಿರಬೇಕೆಂದು ಈಗ ನನಗೆ ಅನುಮಾನ. ಸೀರೆಯನ್ನು ಹೊಸಹಳ್ಳಿಗೆ ಒಯ್ದು ಕೊಟ್ಟೆ. ಅತ್ತಿಗೆ ಅರಿಶಿನ ಹಚ್ಚಿ, ಕೈಮುಗಿದು, ಮಡಿಕೆ ಬಿಚ್ಚಿದಳು. ಸೆರಗಿನ ಕೆಳಗೆ ಎರಡು ಬೆರಳಗಲ ಅಡ್ಡಕ್ಕೆ ನೇಯುವ ಹೊಕ್ಕಿನ ಎಳೆಗಳೇ ಇಲ್ಲ! ಉದ್ದಕ್ಕೆ ಹಾಯುವ ಹಾಸಿನ ದಾರಗಳಷ್ಟೇ ಉಳಿದಿದ್ದವು. ಅಂಗಳದ ಎಮ್ಮೆ ಅವುಗಳ ನಡುವೆ ಚೆನ್ನಾಗಿ ಕಾಣುತ್ತಿತ್ತು. ನನಗೆ ಅಳುವೇ ಬಂತು.

ಮರುದಿನ ಅತ್ತಿಗೆಯನ್ನೂ ಕರೆದುಕೊಂಡು ಹರಪನಹಳ್ಳಿಗೆ ಹೋದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡಿದ್ದೆ. ಅಂಗಡಿ ಮಾಲೀಕರು ಮೊದಲು ಮೂಲೆಯನ್ನೇ ನೋಡಿದರು.

“ಅರಿಷಿಣ ಹಚ್ಚೀರಲ್ರಿ. ಹೆಂಗ ವಾಪಸ್ ತಗಳ್ಳಿ?”

“ತೂತಿನ ಸೀರಿ ಕೊಟ್ಟು ನಮ್ಮ ಅರಿಷಿಣಕ್ಕ ಹೆಸರಿಡ್ತೀರೇನ್ರಿ?” ಎಂದು ನಾನು ಏರಿದೆ. ತರಗತಿಯ ಕೊನೆಯ ಬೆಂಚಿಗೆ ಮುಟ್ಟುವ ನನ್ನ ದನಿ ಬೀದಿಗೂ ಮುಟ್ಟಿತು. ಜನ ಇಣುಕತೊಡಗಿದರು.

“ಆತು ಬಿಡ್ರಿ ಅಕ್ಕಾರ, ತಪ್ಪು ನಮ್ದ ಐತಿ. ಇದಕ್ಕ ಎಳಿ ಕೂಡಿಸಿ ರಫೂ ಮಾಡಿಸಿ ಕಡಿಮಿಗೆ ಯಾರಿಗರ ಕೊಡ್ತೀವಿ. ನೀವು ಬ್ಯಾರೆ ಆರಿಸ್ಕೋರಿ” ಎಂದರು ಮಾಲೀಕರು.

ಗೆದ್ದೆನೆಂದು ತಿರುಗಿದರೆ, ಅತ್ತಿಗೆ ಸೀರೆಯನ್ನು ಎದೆಗವಚಿಕೊಂಡು ಕೂತಿದ್ದಾಳೆ!

“ಆ ರಫೂ ನಮಗ ಮಾಡಿಸಿಕೊಡ್ರಿ. ಇದನ್ನ ನಾ ಕೊಡಂಗಿಲ್ಲ” ಎಂದಳು.

“ಅತ್ತಿಗಿ, ತಲಿ ಕೆಟ್ಟೈತೇನು ನಿನಗ? ಮಗಳ ಮದುವ್ಯಾಗ ರಫೂ ಸೀರಿ ಉಡ್ತೀಯೇನು?”

“ಸುಮ್ಕಿರಲೇ. ನಿನ್ನ ಹೆಸರು ಹೇಳಿ ದೇವರ ಮುಂದ ಅರಿಷಿಣ ಹಚ್ಚೀನಿ. ಅದನ್ನ ಇನ್ನೊಬ್ಬಾಕಿ ಉಡಬೇಕೇನು?”

ಇಷ್ಟು ಹೊತ್ತು ಕೂಗಿದ ನಾನು ಅವಳ ಪಕ್ಕ ಕೂತುಬಿಟ್ಟೆ. ಮಾಲೀಕರಂತೂ ಬಾದಾಮಿ ಹಾಲು ತರಿಸಿದರು.

ರಫೂ ಚೆನ್ನಾಗಿಯೇ ಆಯಿತು. ಆದರೆ ಗೊತ್ತಿದ್ದವರ ಕಣ್ಣು ಬಿಡುತ್ತದೆಯೇ? ಮದುವೆಯ ದಿನ ಎಲ್ಲರೂ ಮದುಮಕ್ಕಳನ್ನು ನೋಡುತ್ತಿದ್ದರೆ ನಾನು ಅಕ್ಕಿಕಾಳು ಹಿಡಿದುಕೊಂಡು ಅತ್ತಿಗೆಯ ಸೆರಗನ್ನು ನೋಡುತ್ತಿದ್ದೆ. ಅವಳಿಗೆ ತಿಳಿಯಿತು. ಕಿವಿಯ ಹತ್ತಿರ ಬಂದಳು.

“ಏನ್ ಹುಡುಕ್ತೀಯಲೇ? ನಿಮ್ಮವ್ವ ತೀರಿಕೊಂಡ ವರ್ಷ ನನ್ನ ಹಳೀ ಸೀರಿ ಕತ್ತರಿಸಿ ನಿನಗ ಲಂಗ ಹೊಲಿದಿದ್ದೆ. ಮೂರು ತ್ಯಾಪಿ ಇದ್ವು ಅದಕ್ಕ. ‘ನಮ್ಮತ್ತಿಗಿ ಹೊಲಿದಾಳ’ ಅಂತ ಊರೆಲ್ಲಾ ತೋರಿಸ್ಕೊಂತ ತಿರುಗಿದ್ದಿ, ಮರ್ತಿಯೇನು?”

ಮರೆತೇಬಿಟ್ಟಿದ್ದೆ. ಕಣ್ಣು ಮಂಜಾಗಿ, ಕೈಯಲ್ಲಿದ್ದ ಅಕ್ಕಿಕಾಳಿನಲ್ಲಿ ಅರ್ಧ ಮದುಮಕ್ಕಳ ಕಡೆ ಎಸೆದು, ಉಳಿದರ್ಧವನ್ನು ಅತ್ತಿಗೆಯ ತಲೆಯ ಮೇಲೇ ಹಾಕಿದೆ. “ಅಯ್ಯ ಇದರ, ನನಗ್ಯಾಕ ಹಾಕ್ತೀಯಲೇ!” ಎಂದು ನಕ್ಕಳು.

ಸೀರೆಯನ್ನೂ ಬದನೆಕಾಯಿಯಂತೆ ಅಂಗಡಿಯಲ್ಲೇ ತಿರುವಿ ನೋಡಿದ್ದರೆ ಒಳ್ಳೆಯ ಸೀರೆ ಸಿಗುತ್ತಿತ್ತು. ನನ್ನ ಲಂಗ ಮಾತ್ರ ನನಗೆ ವಾಪಸ್ ಸಿಗುತ್ತಿರಲಿಲ್ಲ.